ಆಚೆ ಗ್ಯಾಲರಿ, ಈಚೆ ಗ್ಯಾಲರಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಣ್ಣ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾನೆ. ಸ್ಟೇಡಿಯಂ ತೋರಿಸುವ ಗೈಡ್ ಕೆಲಸ ಮಾಡುವವಳು ಕೋಪವನ್ನು ಇನ್ನೆಲ್ಲಿ ಇಟ್ಟುಕೊಳ್ಳಬೇಕು? ದಿನಾ ಅದೇ ಮೆಟ್ಟಿಲು ಹತ್ತಿ, ಅದೇ ಮಾತು ಹೇಳಿ, 'ಇಲ್ಲಿ ಎಷ್ಟು ಜನ ಕೂರಬಹುದು' ಎಂಬ ಅದೇ ಪ್ರಶ್ನೆಗೆ ನಗುನಗುತ್ತಾ ಉತ್ತರ ಕೊಟ್ಟು ನೋಡಿ, ಆಮೇಲೆ ಮಾತಾಡೋಣ. ಜನಕ್ಕೆ ಬೇಕಾದದ್ದು ಕುರ್ಚಿಯ ಲೆಕ್ಕ. ಆ ಕುರ್ಚಿಗಳಲ್ಲಿ ಕೂತವರು ಯಾರು, ಯಾಕೆ ಕೂತರು ಎನ್ನುವುದು ಯಾರಿಗೂ ಬೇಡ. ಬೇಡ ಎಂದರೆ ನಾನು ಬಿಡುವವಳೂ ಅಲ್ಲ.

ಮೊದಲು ಇದೊಂದು ದಿಬ್ಬ. ಊರಿನ ಕಸ, ಒಡೆದ ಇಟ್ಟಿಗೆ ಎಲ್ಲ ತಂದು ಇಲ್ಲಿ ಸುರಿಯುತ್ತಿದ್ದರು. ಯಾರೋ ಪುಣ್ಯಾತ್ಮರು ಅದನ್ನು ಮಟ್ಟ ಮಾಡಿಸಿ ಕುಸ್ತಿ ಆಡಿಸಿದರು. ಆಮೇಲೆ ಸೈಕಲ್ ರೇಸಿಗೆ ಸುತ್ತಲೂ ಮರದ ಹಲಗೆ ಹಾಸಿದರು. ಯುದ್ಧ ಬಂತು, ಹಲಗೆಗಳು ಸೌದೆಯಾದವು, ನಡುವಿನ ಬಯಲಿನಲ್ಲಿ ಆಲೂಗಡ್ಡೆ ಬೆಳೆದರು. ಯುದ್ಧ ಮುಗಿದ ಮೇಲೆ ಎರಡೂ ಕಡೆ ಸಿಮೆಂಟಿನ ಗ್ಯಾಲರಿ ಎದ್ದು ಫುಟ್‌ಬಾಲ್ ಶುರುವಾಯಿತು. ನಡುನಡುವೆ ಮಂತ್ರಿಗಳ ಭಾಷಣ, ಸರ್ಕಸ್ಸು, ಹಾಡುಗಾರರ ರಾತ್ರಿಗಳು. ಒಂದು ಸಲ ಗುಮಾಸ್ತರ ಕೆಲಸಕ್ಕೆ ಪರೀಕ್ಷೆ ಇಟ್ಟು, ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಜನರನ್ನು ಕೂರಿಸಿದ್ದರು. ಗಾಳಿ ಎದ್ದು ಉತ್ತರ ಪತ್ರಿಕೆಗಳೆಲ್ಲ ಹಾರಿ ಗೋಲಿನ ಬಲೆಗೆ ಬಿದ್ದವು. ದೊಡ್ಡ ಕಾಯಿಲೆ ಬಂದ ವರ್ಷ ಇಲ್ಲೇ ಮಂಚ ಹಾಕಿ ಆಸ್ಪತ್ರೆ ಮಾಡಿದರು. "ಆಟಕ್ಕೆ ಅಂತ ಕಟ್ಟಿದ ಜಾಗದಲ್ಲಿ ಆಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಗಿದೆ" ಎಂದು ನಾನು ಹೇಳುವಾಗ ಜನ ನಗುತ್ತಾರೆ. ಅಲ್ಲಿ ನಗಲಿ ಎಂದೇ ನಾನು ಸ್ವಲ್ಪ ನಿಲ್ಲುತ್ತೇನೆ.

ಇದೆಲ್ಲದರ ನಡುವೆ ಒಂದು ನೆರೆಯೂ ಬಂದಿತ್ತು. ನದಿ ಊರೊಳಗೆ ನುಗ್ಗಿದಾಗ ನೀರು ಮುಟ್ಟದ ಎತ್ತರದ ಜಾಗ ಎಂದರೆ ಸ್ಟೇಡಿಯಂ ಒಂದೇ. ಅರ್ಧ ಊರು ಗ್ಯಾಲರಿಗಳಲ್ಲಿ ಸಂಸಾರ ಹೂಡಿತ್ತು. ಆಗ ನಾನು ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಅಪ್ಪ ದೋಣಿಯವರ ಜೊತೆ ಜನರನ್ನು ಸಾಗಿಸಲು ಹೋಗಿದ್ದ, ಅಣ್ಣನನ್ನು ಹೆರಿಗೆಗೆ ಮುಂಚೆಯೇ ಅಜ್ಜಿಯ ಊರಿಗೆ ಕಳಿಸಿದ್ದರು. ಅಮ್ಮ ಒಬ್ಬಳೇ ನನ್ನನ್ನು ಎತ್ತಿಕೊಂಡು ಅಲ್ಲಿ ಸೇರಿದಳು, ನೀರು ಇಳಿದ ಮೇಲೆ ಎತ್ತಿಕೊಂಡು ಮನೆಗೆ ಬಂದಳು.

ಬೇರೆ ಮನೆಗಳಲ್ಲಿ ಮಕ್ಕಳನ್ನು ರೇಗಿಸಲು 'ನಿನ್ನನ್ನು ತೌಡು ಕೊಟ್ಟು ತಗೊಂಡಿದ್ದು' ಎನ್ನುತ್ತಾರೆ. ನಮ್ಮಣ್ಣ 'ನಿನ್ನ ಸ್ಟೇಡಿಯಂನಿಂದ ಎತ್ಕೊಂಡು ಬಂದಿದ್ದು ಕಣೇ' ಎನ್ನುತ್ತಿದ್ದ. ಅವನು ನನ್ನನ್ನು ಮೊದಲು ನೋಡಿದ್ದೇ ನೆರೆಯ ನಂತರವಾದ್ದರಿಂದ ಅವನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಅಮ್ಮ ಅವನಿಗೆ ಬಾರಿಸುತ್ತಿದ್ದಳು. ಗಾಜು ಒಡೆದರೂ, ಶಾಲೆ ತಪ್ಪಿಸಿದರೂ ಕೈ ಎತ್ತದ ಅಮ್ಮ ಇದೊಂದಕ್ಕೆ ಮಾತ್ರ ಹೊಡೆಯುತ್ತಿದ್ದಳು. ಮೀಸೆ ಬಂದ ಮೇಲೂ ಅವನು ಒಮ್ಮೆ ಏಟು ತಿಂದಿದ್ದಾನೆ. ನನ್ನ ಮೇಲಿನ ಮುದ್ದಿಗೆ ಹಾಗೆ ಮಾಡುತ್ತಾಳೆಂದು ನಾನು ಬೀಗುತ್ತಿದ್ದೆ.

ನನಗೆ ಗೈಡ್ ಕೆಲಸ ಸಿಕ್ಕಿದಾಗ ಅಮ್ಮ ಎಷ್ಟೋ ದಿನ ಮುಖ ಕೊಟ್ಟು ಮಾತಾಡಲಿಲ್ಲ. "ಊರಲ್ಲಿ ಬೇರೆ ಕೆಲಸಾನೇ ಇರ್ಲಿಲ್ವಾ ನಿಂಗೆ?" ಎಂದಳು, ಅಷ್ಟೆ. ಬಿಸಿಲಲ್ಲಿ ನಿಂತು ಕೂಗುವ ಕೆಲಸ ಅವಳಿಗೆ ಕೀಳಾಗಿ ಕಂಡಿರಬೇಕು ಎಂದುಕೊಂಡೆ. ಸ್ಟೇಡಿಯಂ ಕಡೆ ಅವಳು ತಲೆ ಹಾಕಿಯೂ ಮಲಗಲಿಲ್ಲ. ಆದರೆ ಸಂಜೆ ನಾನು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಒಂದು ಪ್ರಶ್ನೆ ಬರುತ್ತಿತ್ತು.

"ಇವತ್ತು ಯಾರು ಬಂದಿದ್ರು?"

ಶಾಲೆಯ ಮಕ್ಕಳು ಬಂದಿದ್ದರು, ಯಾವುದೋ ಕ್ಲಬ್ಬಿನವರು ಬಂದಿದ್ದರು ಎಂದು ಹೇಳುತ್ತಿದ್ದೆ. "ವಯಸ್ಸಾದ ಹೆಂಗಸರು ಯಾರಾದ್ರೂ ಇದ್ರಾ?" ಎಂದು ಮುಂದಿನ ಪ್ರಶ್ನೆ. "ಅವರೇನಾದ್ರೂ ಕೇಳಿದ್ರಾ?" ಎಂದು ಅದರ ಮುಂದಿನದು. ಕಾಲು ನೋವಿನಲ್ಲಿ ಬಂದ ನನಗೆ ರೇಗಿಹೋಗುತ್ತಿತ್ತು. "ನೀನೇನು ಅಲ್ಲಿ ಹಾಜರಿ ತಗೋತೀಯಾ?" ಎಂದು ಸಿಡುಕಿದರೆ ಸುಮ್ಮನಾಗುತ್ತಿದ್ದಳು. ಮಾರನೆಯ ದಿನ ಮತ್ತೆ ಅದೇ ರಾಗ. ನನ್ನ ಕೂದಲು ಬೆಳ್ಳಗಾಗುವವರೆಗೂ ಆ ರಾಗ ನಿಲ್ಲಲಿಲ್ಲ.

ಈಗ ಸ್ಟೇಡಿಯಂ ಒಡೆಯುತ್ತಾರೆ. ಅದೇ ಜಾಗದಲ್ಲಿ ಮೇಲೆ ಮುಚ್ಚಿಗೆ ಇರುವ ಹೊಸ ಅಖಾಡ ಬರುತ್ತದಂತೆ, ಗುಂಡಿ ಒತ್ತಿದರೆ ಹುಲ್ಲು ಒಳಗೆ ಹೋಗಿ ಮರದ ನೆಲ ಮೇಲೆ ಬರುತ್ತದಂತೆ. ನನಗೆ ಅಲ್ಲಿ ಕೆಲಸವಿಲ್ಲ, ಗೈಡ್ ಬದಲು ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡುತ್ತಾರಂತೆ. ಈ ಸುದ್ದಿಯನ್ನು ನಾನು ಗೊಣಗುತ್ತಾ ಹೇಳಿದಾಗ ಅಮ್ಮ ತಟ್ಟೆಯಿಂದ ತಲೆ ಎತ್ತಿ, "ಒಡೆಯೋದಕ್ಕೆ ಮುಂಚೆ ನನ್ನನ್ನ ಒಂದು ಸಲ ಕರ್ಕೊಂಡು ಹೋಗು" ಎಂದಳು. ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಇನ್ನೊಮ್ಮೆ ಕೇಳಿದೆ. ಅದನ್ನೇ ಇನ್ನೊಮ್ಮೆ ಹೇಳಿದಳು.

ಹಾಗೆ ನನ್ನ ಕೊನೆಯ ಟೂರಿಗೆ ಅಮ್ಮ ಬಂದಳು. ಅಣ್ಣ ಕಾರಿನಲ್ಲಿ ಕರೆತಂದ. ಮಂಡಿನೋವಿನ ಅಮ್ಮನನ್ನು ಮೆಟ್ಟಿಲು ಹತ್ತಿಸುವ ಜವಾಬ್ದಾರಿಯೂ ಅವನದೇ. ಅವರ ಜೊತೆ ಒಂದು ನಿವೃತ್ತರ ಸಂಘದವರಿದ್ದರು. ಅದರಲ್ಲಿ ಟೋಪಿ ಹಾಕಿದ್ದ ಒಬ್ಬರು ಗೇಟಿನಲ್ಲೇ ಕುರ್ಚಿಯ ಲೆಕ್ಕ ಕೇಳಿ ನನ್ನ ತಲೆ ತಿನ್ನಲು ಶುರುಮಾಡಿದ್ದರು.

ನೀಲಿ ಗ್ಯಾಲರಿಯಿಂದ ಹೊರಟೆವು. ಅಲ್ಲಿ ನಾನು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿಸುತ್ತೇನೆ. ಒಂದು ಚಪ್ಪಾಳೆಗೆ ನಾಲ್ಕೂ ಕಡೆಯಿಂದ ಚಪ್ಪಾಳೆ ಬರುತ್ತದೆ, ಹೊಡೆದವರು ಯಾರೆಂದೇ ತಿಳಿಯುವುದಿಲ್ಲ. ಜನ ಖುಷಿಪಟ್ಟರು. ಅಮ್ಮ ಮಾತ್ರ ಕಂಬಗಳನ್ನು ನೋಡುತ್ತಿದ್ದಳು.

ನಮ್ಮ ಸ್ಟೇಡಿಯಂನ ವಿಶೇಷ ಎಂದರೆ ಎರಡು ಗ್ಯಾಲರಿಗಳೂ ಒಂದೇ ಅಚ್ಚು. ಕಟ್ಟಿಸಿದವರು ಜಿಪುಣರು, ಒಂದೇ ನಕ್ಷೆಯನ್ನು ಎರಡು ಸಲ ಉಪಯೋಗಿಸಿದರು. ಇಲ್ಲಿ ಎಷ್ಟು ಕಂಬವೋ ಅಲ್ಲೂ ಅಷ್ಟೇ ಕಂಬ, ಇಲ್ಲಿ ಎಷ್ಟು ಸಾಲೋ ಅಲ್ಲೂ ಅಷ್ಟೇ ಸಾಲು. ಎರಡಕ್ಕೂ ಅಡಿಯಲ್ಲಿ ಸ್ಟೇಡಿಯಂ ಸುತ್ತುವ ಒಂದು ಕಾರಿಡಾರ್ ಇದೆ, ಅದಕ್ಕೆ ಕಿಟಕಿಯೇ ಇಲ್ಲ. ಒಳಗೆ ಸ್ವಲ್ಪ ದೂರ ನಡೆದರೆ ಎಂಥವರಿಗೂ ದಿಕ್ಕು ತಪ್ಪುತ್ತದೆ. ಜನ ಎದುರು ಗ್ಯಾಲರಿಗೆ ಹೋಗಿ 'ಇದು ನನ್ನ ಸೀಟು' ಎಂದು ಜಗಳ ಕಾಯುತ್ತಿದ್ದರು. ಆ ಕಾಟ ತಡೆಯಲಾರದೆ ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಬಣ್ಣ ಬಳಿದರು. ನನ್ನ ಟೂರಿನ ಮುಖ್ಯ ತಮಾಷೆ ಇರುವುದೂ ಇಲ್ಲೇ. ಎಲ್ಲರನ್ನೂ ಕಾರಿಡಾರಿನೊಳಗೆ ಕರೆದುಕೊಂಡು ಹೋಗಿ, ಅರ್ಧ ದಾರಿಯಲ್ಲಿ ದೀಪ ಆರಿಸಿ, ಸ್ವಲ್ಪ ಹಿಂದೆ ಮುಂದೆ ನಡೆಸಿ, ಒಂದು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಕೇಳುತ್ತೇನೆ:

"ಈಗ ಈ ಮೆಟ್ಟಿಲು ಹತ್ತಿದ್ರೆ ಯಾವ ಗ್ಯಾಲರಿ? ನೀಲಿನಾ, ಕೆಂಪಾ?"

ನಿವೃತ್ತರು ಮಕ್ಕಳ ಹಾಗೆ ಕೂಗಾಡಿದರು. ಟೋಪಿಯವರು ನೀಲಿ ಎಂದು ಪಂದ್ಯ ಕಟ್ಟುವಷ್ಟು ಖಚಿತವಾಗಿ ಹೇಳಿದರು. ನಾನು ತಮಾಷೆಗೆ ಅಮ್ಮನ ಕಡೆ ತಿರುಗಿ, "ಅಜ್ಜಿ, ನೀವು ಹೇಳಿ, ಯಾವುದು?" ಎಂದೆ.

ಅಮ್ಮ ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ನಂಗೆ ಗೊತ್ತಿಲ್ಲ" ಎಂದಳು. ಆಮೇಲೆ ನನಗೊಬ್ಬಳಿಗೇ ಎಂಬಂತೆ, "ಆಗ ಬಣ್ಣ ಇರ್ಲಿಲ್ಲ" ಎಂದಳು.

ವಯಸ್ಸಾದವಳಿಗೆ ಕತ್ತಲು ಆಗಲಿಲ್ಲವೇನೋ ಎಂದು ನಾನು ಬೇಗ ಬೇಗ ಎಲ್ಲರನ್ನೂ ಮೇಲೆ ಹತ್ತಿಸಿದೆ. ಕೆಂಪು ಗ್ಯಾಲರಿ ಬಂತು, ಟೋಪಿಯವರು ಪೆಚ್ಚಾದರು. ನಾನು ನೇರವಾಗಿ ಮೂರನೇ ಕಂಬದ ಹತ್ತಿರ ಹೋಗಿ ನಿಂತು ನನ್ನ ಟೂರಿನ ಕೊನೆಯ ಮಾತು ಶುರುಮಾಡಿದೆ. ನೆರೆಯ ವಿಷಯ ಹೇಳಿ, ಕಂಬದ ಬುಡ ತೋರಿಸಿ, "ಆ ನೆರೆಯಲ್ಲಿ ಇದೇ ಜಾಗದಲ್ಲಿ ಒಂದು ಹಸುಗೂಸನ್ನ ಮಲಗಿಸಿದ್ರು. ಆ ಕೂಸು ಈಗ ನಿಮ್ಮ ಮುಂದೆ ನಿಂತು ಬಾಯಿ ಮಾಡ್ತಿದೆ" ಎಂದೆ. ಮೂರನೇ ಕಂಬ ಎನ್ನುವುದನ್ನು ಅಮ್ಮನ ಬಾಯಲ್ಲಿ ಒಮ್ಮೆ ಕೇಳಿದ್ದೆ. ಯಾವ ಗ್ಯಾಲರಿ ಎಂದು ಅವಳು ಹೇಳಿರಲಿಲ್ಲ. ಕೆಂಪು ಗ್ಯಾಲರಿಯ ಪಕ್ಕದಲ್ಲೇ ಶೌಚಾಲಯ ಇರುವುದರಿಂದ ಟೂರನ್ನು ಇಲ್ಲಿ ಮುಗಿಸುವುದು ಅನುಕೂಲ, ಹಾಗಾಗಿ ನಾನೇ ಇದನ್ನು ಆರಿಸಿಕೊಂಡಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಅಮ್ಮ, "ಇಲ್ಲಿ ಅಲ್ಲ" ಎಂದಳು.

"ಮತ್ತೆ ಎಲ್ಲಿ?"

ಬಯಲಿನ ಆಚೆಯ ನೀಲಿ ಗ್ಯಾಲರಿಯ ಕಡೆ ಕೈ ತೋರಿಸಿದಳು. "ಅಲ್ಲಿ."

"ಸರಿ ಬಿಡು, ಅಲ್ಲಿ ಅಂತ ಹೇಳ್ತೀನಿ. ಹೇಗಿದ್ರೂ ಇದೇ ಕೊನೇ ಟೂರು" ಎಂದು ನಾನು ನಕ್ಕೆ.

ಅವಳ ಕೈ ಇನ್ನೂ ಇಳಿದಿರಲಿಲ್ಲ. "ಮಲಗಿಸಿದ್ದು ಅಲ್ಲಿ," ಎಂದಳು. "ಎತ್ಕೊಂಡಿದ್ದು ಇಲ್ಲಿ."

ಅದರ ತಲೆಬುಡ ನನಗೆ ಅರ್ಥವಾಗಲಿಲ್ಲ. ಅಣ್ಣನಿಗೂ ಅರ್ಥವಾಗಲಿಲ್ಲ. ಟೋಪಿಯವರು ಮಾತ್ರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಂದ್ರೆ ಏನಮ್ಮಾ?" ಎಂದು ಅಣ್ಣ ಕೇಳಿದ. ಅಮ್ಮ ಅಲ್ಲೇ ಕಂಬದ ಬುಡದಲ್ಲಿ ಕುಳಿತಳು. ಸುತ್ತ ಜನ ನಿಂತಿದ್ದಾರೆ ಎನ್ನುವುದನ್ನೂ ಮರೆತು, ಎದುರಿಗಿದ್ದ ನನ್ನ ಚಪ್ಪಲಿ ನೋಡುತ್ತಾ ಮಾತಾಡಿದಳು.

"ನಾನು ಬಂದಾಗ ರಾತ್ರಿ ಆಗಿತ್ತು. ಜನ ತಳ್ಕೊಂಡು ಬಂದ್ರು, ನಾನೂ ಬಂದೆ. ಯಾವ ಬಾಗಿಲು, ಯಾವ ಕಡೆ, ಏನೂ ನೋಡ್ಕೊಳ್ಳಲಿಲ್ಲ. ಮೂರನೇ ಕಂಬದ ಹತ್ರ ಜಾಗ ಸಿಕ್ತು. ಎಲ್ಲರಿಗೂ ಒಂದೊಂದು ಬಿಳಿ ಟವೆಲ್ ಕೊಟ್ಟಿದ್ರು, ಅದರಲ್ಲಿ ಸುತ್ತಿ ಮಲಗಿಸ್ದೆ. ನಂಗೆ ಮೈಯೆಲ್ಲ ಜ್ವರ, ಎದೇಲಿ ಹಾಲಿರ್ಲಿಲ್ಲ. ಕೆಳಗೆ ಹಾಲು ಕೊಡ್ತಿದಾರೆ ಅಂದ್ರು. ಪಕ್ಕದಲ್ಲಿ ಒಬ್ರು ಅಜ್ಜಿ ಇದ್ರು, ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ ಇಳಿದೆ. ಆ ಕಾರಿಡಾರ್‌ನಲ್ಲಿ ಸಾಲು. ಸಾಲು ಹೋಗ್ತಾನೇ ಇತ್ತು, ಹೋಗ್ತಾನೇ ಇತ್ತು. ಹಾಲು ಕೈಗೆ ಬರೋ ಹೊತ್ತಿಗೆ ಕರೆಂಟ್ ಹೋಯ್ತು. ಕೈಗೆ ಸಿಕ್ಕಿದ ಮೆಟ್ಟಿಲು ಹತ್ತಿದೆ. ಕಂಬ ಮುಟ್ಟಿ ಮುಟ್ಟಿ ಎಣಿಸ್ಕೊಂಡು ಬಂದೆ. ಮೂರನೇ ಕಂಬದ ಹತ್ರ ಮಗು ಅಳ್ತಿತ್ತು. ಎತ್ಕೊಂಡು ಹಾಲು ಕುಡಿಸ್ದೆ."

"ಅಜ್ಜಿ?" ಎಂದೆ.

"ಅಜ್ಜಿ ಇರ್ಲಿಲ್ಲ."

ದಿನಾ ಅದೇ ಕಾರಿಡಾರಿನಲ್ಲಿ ದೀಪ ಆರಿಸಿ ಜನರನ್ನು ನಗಿಸಿದವಳು ನಾನು.

"ಬೆಳಗಾದ ಮೇಲೆ ನೋಡಿದ್ರೆ ಪಕ್ಕದಲ್ಲಿ ಈ ಶೌಚಾಲಯ ಇತ್ತು, ಸ್ಕೋರ್ ಬೋರ್ಡು ಬಲಗಡೆ ಇತ್ತು. ಮಲಗಿಸಿದಾಗ ಎಡಗಡೆ ಇತ್ತು ಅಂತ ನನ್ನ ನೆನಪು. ಎತ್ಕೊಂಡು ಬಯಲು ದಾಟಿ ಆ ಕಡೆ ಓಡಿದೆ. ಆ ಕಡೆಯವರನ್ನ ಬೆಳಗಿನ ಜಾವಾನೇ ಲಾರಿ ಹತ್ತಿಸಿ ಬೇರೆ ಊರಿಗೆ ಕಳಿಸಿಬಿಟ್ಟಿದ್ರು. ಮೂರನೇ ಕಂಬದ ಹತ್ರ ಒಂದು ನರಪಿಳ್ಳೆನೂ ಇರ್ಲಿಲ್ಲ. ಉಳಿದವರನ್ನೆಲ್ಲ ಹೋಗಿ ಹೋಗಿ ನೋಡ್ದೆ. ಮಗು ಕಳ್ಕೊಂಡೆ ಅಂತ ಯಾರೂ ಅಳ್ತಿರ್ಲಿಲ್ಲ. ಹಾಗಾದ್ರೆ ಇದು ನಂದೇ ಇರಬೇಕು ಅಂದ್ಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂತು. ಇದು ಬೇರೆಯವಳ ಮಗು ಆಗಿದ್ದು, ಅವಳೂ ನನ್ನ ಹಾಗೇ ಕತ್ತಲಲ್ಲಿ ತಪ್ಪು ಮೆಟ್ಟಿಲು ಹತ್ತಿ, ನನ್ನ ಮಗೂನ ತನ್ನದು ಅಂತ ಎತ್ಕೊಂಡು ಲಾರಿ ಹತ್ತಿದ್ರೆ? ಅವಳು ಯಾಕೆ ಅಳ್ತಾಳೆ? ಅವಳ ಕೈಯಲ್ಲೂ ಮಗು ಇದೆಯಲ್ಲ."

"ಮುಖ ನೋಡಿ ಗೊತ್ತಾಗ್ಲಿಲ್ವಾ?" ಎಂದು ಹಿಂದಿನಿಂದ ಯಾರೋ ಹೆಂಗಸು ಕೇಳಿದರು.

"ತಾಯಿಗೆ ಗೊತ್ತಾಗುತ್ತೆ ಅಂತ ಎಲ್ಲರೂ ಹೇಳ್ತಾರೆ." ಅಮ್ಮ ಇನ್ನೂ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. "ನಂಗೆ ಗೊತ್ತಾಗ್ಲಿಲ್ಲ. ಬೆಳಕಲ್ಲಿ ನೋಡ್ದೆ, ಇವಳೇ ಅನ್ನಿಸ್ತು. ಇನ್ನೊಂದು ಸಲ ನೋಡ್ದೆ, ಅಲ್ಲ ಅನ್ನಿಸ್ತು. ಮೂರನೇ ಸಲ ನೋಡೋಕೆ ಹೆದರಿಕೆ ಆಯ್ತು. ಮನೆಗೆ ಹೋದ್ಮೇಲೆ ಇವರಪ್ಪ ನೋಡಿ, ಮಗು ಸ್ವಲ್ಪ ಸೊರಗಿದೆ ಅಂದ್ರು. ಅಷ್ಟೇ."

ಆಮೇಲೆ ಎಲ್ಲರೂ ಒಟ್ಟಿಗೆ ಶುರುಮಾಡಿದರು. ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳ್ತಿತ್ತಾ, ಬೆನ್ನಿಗೆ ಬೀಳ್ತಿತ್ತಾ ಎಂದು ಟೋಪಿಯವರು ಕೇಳಿದರು. ಮೋಡ ಇತ್ತು, ಬಿಸಿಲೇ ಇರಲಿಲ್ಲ ಎಂದಳು ಅಮ್ಮ. ಆಗ ಸ್ಕೋರ್ ಬೋರ್ಡು ಒಂದೇ ಇತ್ತೋ, ಎರಡೂ ತುದಿಯಲ್ಲಿ ಇತ್ತೋ, ಎರಡಿದ್ದರೆ ಎಡ ಬಲ ಎನ್ನುವುದಕ್ಕೆ ಅರ್ಥವೇ ಇಲ್ಲವಲ್ಲ ಎಂದು ಇನ್ನೊಬ್ಬರು ನನ್ನನ್ನು ಕೇಳಿದರು. ಅದು ನನಗೆ ಗೊತ್ತಿರಬೇಕಿತ್ತು. ಎರಡನೇ ಬೋರ್ಡು ಬಂದದ್ದು ನೆರೆಗೆ ಮೊದಲು ಎಂದು ಒಂದು ದಿನ, ನೆರೆಯ ನಂತರ ಎಂದು ಇನ್ನೊಂದು ದಿನ, ಬಾಯಿಗೆ ಬಂದಂತೆ ಹೇಳಿಕೊಂಡು ಬಂದಿದ್ದೆ. ಅಷ್ಟರಲ್ಲಿ ನಿವೃತ್ತರು ಎರಡು ಪಂಗಡವಾಗಿದ್ದರು. ಜ್ವರದಲ್ಲಿ ಎಡ ಬಲ ಗೊತ್ತಾಗುವುದಿಲ್ಲ, ಮಗು ಅವರದೇ ಎಂದು ಅರ್ಧ ಜನ. ಅಜ್ಜಿ ಎಲ್ಲಿಗೆ ಹೋದಳು ಹಾಗಾದರೆ ಎಂದು ಉಳಿದರ್ಧ ಜನ. ಗೋಲು ಆಯಿತೋ ಇಲ್ಲವೋ ಎಂದು ವಾದಿಸುವ ಹುರುಪಿನಲ್ಲೇ ನಾನು ಯಾರ ಮಗಳು ಎಂದು ವಾದಿಸುತ್ತಿದ್ದರು.

"ಸಾಕು!" ಎಂದು ಕಿರುಚಿದೆ. ನಾಲ್ಕೂ ಕಡೆಯಿಂದ 'ಸಾಕು ಸಾಕು' ಎಂದು ವಾಪಸ್ ಬಂತು. "ಟೂರು ಮುಗೀತು. ಕೆಳಗೆ ಟೀ ಇದೆ, ಹೋಗಿ ಕುಡೀರಿ."

ಅವರೆಲ್ಲ ಇಳಿದುಹೋದರು. ಟೋಪಿಯವರು ಅಮ್ಮನಿಗೆ ಕೈಮುಗಿದು ಹೋದರು.

ನಾವು ಮೂವರೇ ಉಳಿದೆವು. ಅಣ್ಣನ ಮುಖ ನೋಡುವಂತಿರಲಿಲ್ಲ. "ನಾನು ತಮಾಷೆಗೆ ಹೇಳ್ತಿದ್ದೆ ಕಣೇ," ಎಂದ. "ನಿಜವಾಗ್ಲೂ ತಮಾಷೆಗೆ." ಆಮೇಲೆ, "ಈಗೆಲ್ಲ ಅದಕ್ಕೊಂದು ಪರೀಕ್ಷೆ ಇದೆ. ಇಬ್ಬರದ್ದೂ ಎಂಜಲು ತಗೋತಾರೆ, ಗೊತ್ತಾಗಿಬಿಡುತ್ತೆ" ಎಂದ.

"ಮಾಡಿಸ್ಲಿ," ಎಂದಳು ಅಮ್ಮ. "ಅವಳು ಬೇಕು ಅಂದ್ರೆ ಮಾಡಿಸ್ಲಿ."

ನನಗೆ ಏನು ಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮೊದಲು ಬಂದದ್ದು ಕೋಪ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಅಮ್ಮನ ಮೇಲೆ ಎಗರಿದೆ.

"ಏನಂತ ಹೇಳ್ಲಿ? ಗೊತ್ತಿದ್ದಿದ್ರೆ ಹೇಳ್ತಿದ್ದೆ. ಗೊತ್ತಿಲ್ಲದ್ದನ್ನ ಹೇಗೆ ಹೇಳೋದು? ನೀನು ನನ್ನ ಮಗಳು ಹೌದೋ ಅಲ್ವೋ ಗೊತ್ತಿಲ್ಲಮ್ಮ ಅಂತ ಊಟಕ್ಕೆ ಕೂತಾಗ ಹೇಳ್ಲಾ?"

ಆಗ ಆ ಸಂಜೆಗಳ ಪ್ರಶ್ನೆ ನೆನಪಾಗಿ ನನ್ನ ಕೋಪ ಅರ್ಧ ಜಾರಿಹೋಯಿತು.

"ಅದಕ್ಕೇನಾ? ದಿನಾ ಯಾರು ಬಂದಿದ್ರು, ಯಾರು ಬಂದಿದ್ರು ಅಂತ ಕೇಳ್ತಿದ್ದಿದ್ದು?"

"ಆ ಇನ್ನೊಬ್ಬ ತಾಯಿಗೂ ಎಂದಾದ್ರೂ ಅನುಮಾನ ಬಂದ್ರೆ ಎಲ್ಲಿಗೆ ಬರ್ತಾಳೆ? ಇಲ್ಲಿಗೇ ತಾನೇ ಬರಬೇಕು. ನೀನು ನೋಡಿದ್ರೆ ಇಲ್ಲೇ ಬಂದು ಕೆಲಸಕ್ಕೆ ಸೇರ್ಕೊಂಡೆ. ಬಂದವರಿಗೆಲ್ಲ, ನೆರೇಲಿ ಇಲ್ಲಿ ಮಲಗಿದ್ದ ಕೂಸು ನಾನೇ ಅಂತ ಮೈಕಲ್ಲಿ ಹೇಳ್ತಿದ್ದೀಯ ಅಂತ ನಿಮ್ಮಣ್ಣ ಹೇಳ್ದ. ಎಷ್ಟು ರಾತ್ರಿ ನಿದ್ದೆ ಬಂದಿಲ್ಲ ನಂಗೆ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಒಡೀತಾರೆ ಅಂದಾಗ ಸಮಾಧಾನ ಆಯ್ತು. ಇನ್ನು ಯಾರು ಬಂದ್ರೂ ತೋರ್ಸೋಕೆ ಜಾಗಾನೇ ಇರಲ್ಲ. ಆದ್ರೆ ಒಂದು ಸಲ ನೋಡಿದ್ರೆ ಏನಾದ್ರೂ ನೆನಪಾಗಬಹುದೇನೋ, ನಿಂಗೆ ಗಟ್ಟಿಯಾಗಿ ಹೇಳಬಹುದೇನೋ ಅಂತ ಬಂದೆ. ಏನೂ ನೆನಪಾಗ್ಲಿಲ್ಲ. ಇನ್ನೂ ಕಲಸಿಹೋಯ್ತು."

ನಾನು ಅಲ್ಲಿ ನಿಲ್ಲಲಾರದೆ ಕಾರಿಡಾರಿಗೆ ಇಳಿದೆ. ದೀಪ ಹಾಕಿಯೇ ನಡೆದೆ, ಆದರೂ ಒಂದು ಮೆಟ್ಟಿಲು ಮೊದಲೇ ಹತ್ತಿ, ತಪ್ಪೆಂದು ತಿಳಿದು ಮತ್ತೆ ಇಳಿದೆ. ತಲೆ ಕೆಟ್ಟು ಗೊಬ್ಬರವಾಗಿತ್ತು. ನನ್ನ ಮೂಗು ಅಪ್ಪನದೇ ಎಂದು ಊರವರೆಲ್ಲ ಹೇಳುತ್ತಿದ್ದರಲ್ಲ, ಅದೇನು ಕಂಡು ಹೇಳಿದರು? ಅಮ್ಮನಂತೆ ನಾನೂ ಅನ್ನಕ್ಕೆ ಉಪ್ಪು ಹೆಚ್ಚು ಹಾಕಿಕೊಳ್ಳುತ್ತೇನೆ, ಅದು ರಕ್ತವೋ ಅಭ್ಯಾಸವೋ? ಎಲ್ಲೋ ಒಂದು ಊರಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಅವಳ ಅಮ್ಮನ ಹತ್ತಿರ ಸಿಡುಕುತ್ತಿದ್ದಾಳೆಯೇ? ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಮರುಗಳಿಗೆಯೇ ಅಯ್ಯೋ ಪಾಪ ಅನ್ನಿಸಿತು. ಅವಳು ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ. ಪರೀಕ್ಷೆ ಮಾಡಿಸಿಯೇ ಬಿಡಬೇಕು ಎಂದುಕೊಂಡು ನೀಲಿ ಗ್ಯಾಲರಿಗೆ ಹತ್ತಿದೆ. ಅಲ್ಲಿ ಮೂರನೇ ಕಂಬದ ಬುಡದಲ್ಲಿ ಕುಳಿತೆ. ಸಿಮೆಂಟು ತಣ್ಣಗಿತ್ತು. ಅಲ್ಲಿಯೂ ನನಗೇನೂ ಹೊಳೆಯಲಿಲ್ಲ.

ಎದುರಿಗೆ, ಬಯಲಿನ ಆಚೆ, ಅಣ್ಣ ತಲೆ ಮೇಲೆ ಕೈಹೊತ್ತು ಕೂತಿದ್ದ. ಅಮ್ಮ ಎದ್ದು ನಿಂತಿದ್ದಳು. ನಾನು ಇಷ್ಟು ಹೊತ್ತಾದರೂ ಬರದಿದ್ದಕ್ಕೆ ಗಾಬರಿಯಾಗಿರಬೇಕು. ಕಣ್ಣಿಗೆ ಕೈ ಅಡ್ಡ ಹಿಡಿದು ನಾನಿದ್ದ ಗ್ಯಾಲರಿಯ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ನೋಡುತ್ತಿದ್ದಳು. ಇಡೀ ಗ್ಯಾಲರಿಯಲ್ಲಿ ಇದ್ದವಳು ನಾನೊಬ್ಬಳೇ, ಆದರೂ ಅವಳ ಕಣ್ಣಿಗೆ ನಾನು ಸಿಕ್ಕಲಿಲ್ಲ. ಕೈ ಎತ್ತಿ ಬೀಸಿದೆ, ಕಾಣಲಿಲ್ಲ. "ಅಮ್ಮಾ!" ಎಂದು ಕೂಗಿದೆ. ಈ ಹಾಳು ಸ್ಟೇಡಿಯಂ ನನ್ನ ಕೂಗನ್ನು ನಾಲ್ಕೂ ಕಡೆಯಿಂದ ಅವಳ ಮೇಲೆ ಎಸೆಯಿತು. ಅವಳು ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಹಿಂದಕ್ಕೂ ತಿರುಗಿ ನೋಡಿದಳು. ಆಮೇಲೆ ಕಂಬಿ ಹಿಡಿದುಕೊಂಡು, ಅಣ್ಣ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ, ಒಂದೊಂದೇ ಮೆಟ್ಟಿಲು ಬಯಲಿನ ಕಡೆಗೆ ಇಳಿಯತೊಡಗಿದಳು.

ಆ ಬೆಳಿಗ್ಗೆಯೂ ಅವಳು ಹೀಗೆಯೇ ಹುಡುಕಿರಬೇಕು. ಆಗ ಅವಳು ಹುಡುಕಿದ್ದು ಯಾರನ್ನು ಎಂದು ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಈಗ ಹುಡುಕುತ್ತಿರುವುದು ನನ್ನನ್ನೇ. ಅದರಲ್ಲಿ ಗೊಂದಲ ಏನೂ ಇರಲಿಲ್ಲ.

ಹುಲ್ಲಿನ ಮೇಲೆ ಕಾಲಿಡಬಾರದು ಎಂದು ಬಂದವರಿಗೆಲ್ಲ ಗದರಿಸಿಕೊಂಡು ಬಂದವಳು ನಾನು. ಆ ಹೊತ್ತಿಗೆ ಕಾರಿಡಾರ್ ಬೇಡವೇ ಬೇಡ ಎನ್ನಿಸಿ, ಕಂಬಿ ದಾಟಿ, ಬಯಲಿನ ನಡುವೆಯೇ ಓಡಿದೆ. ಈ ವಯಸ್ಸಿಗೆ ಓಟ ಎಂದರೆ ಓಟವೇನಲ್ಲ, ಏದುಸಿರು ಬಂತು. ನಡುಗೆರೆಯ ಹತ್ತಿರ ಬಂದಾಗ ಅಮ್ಮನಿಗೆ ನಾನು ಕಂಡೆ. "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಅಲ್ಲಿಂದಲೇ ಬೈದಳು. ಹತ್ತಿರ ಬಂದ ಮೇಲೆ ನನ್ನ ಕೈ ಹಿಡಿದುಕೊಂಡವಳು ಕಾರು ಹತ್ತುವವರೆಗೂ ಬಿಡಲಿಲ್ಲ.

ದಾರಿಯಲ್ಲಿ ಅಣ್ಣ ಪರೀಕ್ಷೆಯ ಮಾತು ಮತ್ತೆ ತೆಗೆದ. "ನೀನು ರಸ್ತೆ ನೋಡ್ಕೊಂಡು ಓಡ್ಸು" ಎಂದೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಮ್ಮ ಮೊದಲು ಒಳಗೆ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತು ಮಂಡಿ ನೀವಿಕೊಳ್ಳತೊಡಗಿದಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ.

"ಇವತ್ತು ಯಾರು ಬಂದಿದ್ರು?"

ಕೇಳಿದ ಮೇಲೆ ಅವಳಿಗೇ ಹೊಳೆದಿರಬೇಕು, ತುಟಿ ಕಚ್ಚಿಕೊಂಡಳು. ಬಾಯಿಯ ಅಭ್ಯಾಸ.

"ನಿವೃತ್ತರ ಸಂಘದವರು," ಎಂದೆ. "ಟೋಪಿ ಹಾಕ್ಕೊಂಡಿದ್ದವರು ಒಬ್ರು ತಲೆ ತಿಂದ್ರು."

ಅಮ್ಮ ಮೆಲ್ಲಗೆ, "ವಯಸ್ಸಾದ ಹೆಂಗಸರು?" ಎಂದಳು.

"ಒಬ್ಬಳು ಬಂದಿದ್ಲು. ನಮ್ಮಮ್ಮ."

ಮಂಡಿಯ ಮೇಲಿನ ಕೈ ನಿಂತಿತು.

"ಮಗಳನ್ನ ಹುಡುಕ್ಕೊಂಡು ಬಂದಿದ್ಲು," ಎಂದೆ. "ಸಿಕ್ಕಿದ್ಲು. ಮನೆಗೆ ಕರ್ಕೊಂಡು ಬಂದ್ಲು."

ಅಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು, ಮೂಗು ಒರೆಸಿಕೊಂಡಳು. ಆಮೇಲೆ, ದಾರಿ ತಪ್ಪಿದವರು ಕೇಳುವ ಹಾಗೆ, "ಇನ್ನು ನಾಳೆಯಿಂದ ನಾನು ನಿನ್ನ ಏನಂತ ಕೇಳ್ಲಿ?" ಎಂದಳು.

"ಎಲ್ಲರ ಅಮ್ಮಂದಿರ ಥರ ಊಟ ಮಾಡಿದ್ಯಾ ಅಂತ ಕೇಳು," ಎಂದು ನಾನು ಸಿಡುಕಿದೆ.